ಇಂಗ್ಲೆಂಡಿನ ಗಿರಣಿ ಕೇರಿಯ ಮನೆಬಾಳು

ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ಗದ್ಯಪಾಠ ನಡೆಯುತ್ತಿದ್ದಾಗ ‘ಮ್ಯಾಂಚೆಸ್ಟರಿನ ಬಟ್ಟೆ’ ಎಂಬ ಮಾತು ಬಂತು. ನಾನು ರೂಢಿಯಂತೆ ಅದರ ಅರ್ಥ ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬಾಕಿನಿಂದ ಒಬ್ಬ ಹುಡುಗ ಎದ್ದು ನಿಂತ. “ಸರ, ಆ ಅರಿವಿ ನೇಯೋ ಇಂಗ್ರೇಜಿ ಮಂದಿ ಎಲ್ಲಿ ಇರ್ತಿದ್ರು? ಅವರಿಗೂ ಚಾಳ ಇದ್ದೂವೇನ್ರಿ?” ಎಂದು ಕೇಳಿದ.

ತರಗತಿಯೆಲ್ಲ ನಕ್ಕಿತು. ನಕ್ಕದ್ದಕ್ಕೆ ಕಾರಣವಿದೆ. ಇಂಗ್ಲಿಷರು ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವನು ಸಾಹೇಬ. ಅವನಿಗೊಂದು ಬಂಗಲೆ, ಒಂದು ಕುದುರೆ, ಕೈಗೊಬ್ಬ ಕಾಲಿಗೊಬ್ಬ ಆಳು. ಆದರೆ ಆ ಹುಡುಗ ಕೇಳಿದ್ದು ನಗುವಂಥ ಪ್ರಶ್ನೆಯಲ್ಲ. ನಮ್ಮ ಸೋಲಾಪುರದ ಮಕ್ಕಳಲ್ಲಿ ಅನೇಕರ ಅಜ್ಜ, ಮುತ್ತಜ್ಜಂದಿರು ಗಿರಣಿಯ ಭೋಂಗಾ ಕೇಳಿ ಹಾಸಿಗೆ ಬಿಟ್ಟವರು. ಬಟ್ಟೆ ಇದ್ದಲ್ಲಿ ನೇಯುವವನಿರಬೇಕು, ನೇಯುವವನಿಗೊಂದು ಮನೆ ಇರಬೇಕು ಎಂದು ಅಂಥ ಮನೆಯ ಹುಡುಗನಿಗೆ ಹೊಳೆದದ್ದು ಸಹಜ. ಆ ದಿನ ಐದು ನಿಮಿಷದಲ್ಲಿ ಏನೋ ಒಂದು ಉತ್ತರ ಹೇಳಿದೆ. ಅದು ಸಾಲಲಿಲ್ಲ ಎಂದು ಅನಿಸಿದ್ದರಿಂದ ಈ ಲೇಖನ.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಹದಿನೈದು ಇಪ್ಪತ್ತು ವರ್ಷ ಬ್ರಿಟನ್ನಿನ ಗಿರಣಿ, ಗಣಿ, ಬಂದರಿನ ಕೇರಿಗಳಲ್ಲಿ ಬೆಳೆದ ಮಕ್ಕಳು ಈಗ ಎಪ್ಪತ್ತು, ಎಂಬತ್ತು ದಾಟಿದ ಮುದುಕರು. ಅವರು ತಮ್ಮ ಬಾಲ್ಯದ ನೆನಪುಗಳನ್ನು ಬಹಳ ಪ್ರೀತಿಯಿಂದ ಬರೆದಿಟ್ಟಿದ್ದಾರೆ. ಅಂಥವನ್ನು ಸಿಕ್ಕಲ್ಲೆಲ್ಲ ಓದುವ ಹವ್ಯಾಸ ನನಗಿದೆ. ಒಬ್ಬರು ಗಣಿಯವರ ಮಗ, ಒಬ್ಬರು ನೇಕಾರರ ಮಗಳು, ಇನ್ನೊಬ್ಬರು ಹಡಗುಕಟ್ಟೆಯ ಹಮಾಲರ ಮಗ. ಆದರೂ ಎಲ್ಲರ ಬರಹದಲ್ಲಿಯೂ ಒಂದು ಮಾತು ಹೊರಳಿ ಹೊರಳಿ ಬರುತ್ತದೆ: ನಾವು ಬಡವರಾಗಿದ್ದೆವು, ಆದರೆ ಸುಖವಾಗಿದ್ದೆವು. ಈ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಅದನ್ನು ತಿಳಿಯಬೇಕಾದರೆ ಮೊದಲು ಆ ಮನೆಯೊಳಗೆ ಹೋಗಿ ನೋಡಬೇಕು.

ಲ್ಯಾಂಕಾಶೈರ್, ಯಾರ್ಕ್‌ಶೈರ್, ಬರ್ಮಿಂಗ್‌ಹ್ಯಾಮ್, ವೇಲ್ಸ್‌ನ ಗಣಿ ಕಣಿವೆಗಳು, ಎಲ್ಲಿ ಹೋದರೂ ಕಾರ್ಮಿಕರ ಮನೆಗಳು ಸಾಲುಮನೆಗಳೇ. ಹೆಚ್ಚಿನವು ವಿಕ್ಟೋರಿಯ ರಾಣಿಯ ಕಾಲದಲ್ಲಿ ಗಿರಣಿಯ ಮಗ್ಗುಲಲ್ಲಿಯೇ ಕಟ್ಟಿದವು. ಎಡಬಲದ ಗೋಡೆ ನೆರೆಯವರದೂ ಹೌದು, ನಮ್ಮದೂ ಹೌದು. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಪಾತ್ರೆ ತೊಳೆಯುವ ಒಂದು ಚಿಕ್ಕ ಜಾಗ, ಆಮೇಲೆ ಕಲ್ಲು ಹಾಸಿದ ಹಿತ್ತಲು, ಹಿತ್ತಲಿನ ತುದಿಗೆ ಪಾಯಖಾನೆ. ಇದು ಪರವಾಗಿಲ್ಲ ಎನ್ನಬಹುದಾದ ಮನೆ. ಲೀಡ್ಸ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳಲ್ಲಿ ಇದಕ್ಕಿಂತ ಇಕ್ಕಟ್ಟಾದ ‘ಬೆನ್ನಿಗೆ ಬೆನ್ನು’ ಮನೆಗಳು ಸಾವಿರಾರು ಇದ್ದವು. ಅವುಗಳಿಗೆ ಹಿಂದಿನ ಗೋಡೆಯೂ ಬೇರೆಯವರದೇ. ಮೂರು ಕಡೆ ಗೋಡೆ, ಒಂದೇ ಕಡೆ ಬಾಗಿಲು ಮತ್ತು ಕಿಟಕಿ. ಒಂದು ಬದಿಯಿಂದ ಬಂದ ಗಾಳಿ ಇನ್ನೊಂದು ಬದಿಗೆ ಹೋಗುವ ಮಾತೇ ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಇಂಥ ಹತ್ತಾರು ಮನೆಗಳ ನಡುವೆ ಒಂದು ಅಂಗಳ. ಪಾಯಖಾನೆಗಳೂ ಬಟ್ಟೆ ಒಗೆಯುವ ಕೋಣೆಯೂ ಅಲ್ಲಿ ಎಲ್ಲರಿಗೂ ಸೇರಿ. ಚಾಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1951ರ ಜನಗಣತಿಯ ಪ್ರಕಾರ ಬ್ರಿಟನ್ನಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಟುಂಬಗಳಿಗೆ ಸ್ನಾನದ ತೊಟ್ಟಿ ಕೂಡಿಸಿದ ಬಚ್ಚಲು ಇರಲಿಲ್ಲ. ಅಂದರೆ ನಮಗೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾದ ಮೇಲೂ ನಮ್ಮನ್ನು ಆಳಿದ ದೇಶದ ಮೂವರಲ್ಲಿ ಒಬ್ಬ ಅಡಿಗೆಮನೆಯ ಬೆಂಕಿಯ ಮುಂದೆ ತಗಡಿನ ತೊಟ್ಟಿಯಿಟ್ಟುಕೊಂಡು ಮೀಯುತ್ತಿದ್ದ. ಇನ್ನು ಯುದ್ಧದಲ್ಲಿ ಬಾಂಬು ಬಿದ್ದು ಮನೆ ಕಳೆದುಕೊಂಡವರಿಗೆ ಸರಕಾರ ಕಾರಖಾನೆಯಲ್ಲಿ ಭಾಗ ಭಾಗವಾಗಿ ಮಾಡಿ ತಂದು ಜೋಡಿಸುವ ತಾತ್ಕಾಲಿಕ ಮನೆಗಳನ್ನು ಕಟ್ಟಿಸಿತು. 1945ರಿಂದ 1949ರವರೆಗೆ ಸುಮಾರು 1,56,000 ಮನೆಗಳು ಹೀಗೆ ಎದ್ದವು. ಅವುಗಳಲ್ಲಿ ಬಚ್ಚಲು, ಒಳಗೇ ಪಾಯಖಾನೆ, ಫ್ರಿಜ್ ಕೂಡ ಇದ್ದವು. ಹತ್ತು ಹದಿನೈದು ವರ್ಷಕ್ಕೆಂದು ಕಟ್ಟಿದ ಈ ಮನೆಗಳನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಹಲವೆಡೆ ಐವತ್ತು ವರ್ಷದ ಮೇಲೂ ಬಿಡಲು ಒಪ್ಪಲಿಲ್ಲ.

ಸಾಲುಮನೆಯ ಮುಂದಿನ ಕೋಣೆಯ ಸಂಗತಿ ವಿಚಿತ್ರವಾದುದು. ಕೆಳಗೆ ಇರುವುದೇ ಎರಡು ಕೋಣೆ. ಅದರಲ್ಲಿ ಬೀದಿಗೆ ಮುಖವಾಗಿದ್ದುದನ್ನು ಯಾರೂ ಬಳಸುತ್ತಿರಲಿಲ್ಲ. ಒಳ್ಳೆಯ ಕುರ್ಚಿ, ಗಾಜಿನ ಕಪಾಟು, ಇದ್ದರೆ ಒಂದು ಪಿಯಾನೊ, ಇವೆಲ್ಲ ಅಲ್ಲಿ. ಕ್ರಿಸ್ಮಸ್ಸಿಗೆ, ಮದುವೆಗೆ, ಪಾದ್ರಿಗಳು ಮನೆಗೆ ಬಂದಾಗ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಸತ್ತವರನ್ನು ಮಣ್ಣು ಮಾಡುವವರೆಗೆ ಇಡುತ್ತಿದ್ದುದೂ ಅಲ್ಲಿಯೇ. ಏಳೆಂಟು ಜನ ಹಿಂದಿನ ಒಂದೇ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಬದುಕುತ್ತಿದ್ದರು. ನಮ್ಮಲ್ಲಿ ಒಳ್ಳೆಯ ಸೀರೆಯನ್ನು ಟ್ರಂಕಿನಲ್ಲಿಟ್ಟು ಹಬ್ಬಕ್ಕೆ ತೆಗೆಯುತ್ತಾರಲ್ಲ, ಅವರು ಮಾನಕ್ಕಾಗಿ ಒಂದು ಕೋಣೆಯನ್ನೇ ಹಾಗೆ ತೆಗೆದಿಟ್ಟಿದ್ದರು.

ಆ ಹಿಂದಿನ ಕೋಣೆಯ ಜೀವವೆಂದರೆ ಬೆಂಕಿ. ಗೋಡೆಯೊಳಗೆ ಕೂಡಿಸಿದ ದೊಡ್ಡ ಕಬ್ಬಿಣದ ಒಲೆ, ನಡುವೆ ಕಲ್ಲಿದ್ದಲಿನ ಉರಿ, ಒಂದು ಪಕ್ಕಕ್ಕೆ ರೊಟ್ಟಿ ಬೇಯಿಸುವ ಗೂಡು, ಮೇಲೆ ಸದಾ ಕುದಿಯುವ ಚಹಾದ ಕಿಟ್ಲಿ. ಅಡಿಗೆ ಅದರ ಮೇಲೆ, ಬಟ್ಟೆ ಒಣಗುವುದು ಅದರ ಮುಂದೆ, ಮಕ್ಕಳು ಬಟ್ಟೆ ಬದಲಿಸುವುದು, ಅಪ್ಪ ಕಾಲು ಚಾಚುವುದು, ಬೆಕ್ಕು ಮಲಗುವುದು ಎಲ್ಲವೂ ಅದರ ಸುತ್ತ. ನೆನಪು ಬರೆದವರೆಲ್ಲರೂ ಮೊದಲು ಬರೆಯುವುದು ಈ ಬೆಂಕಿಯ ಬಗ್ಗೆಯೇ. ಉರಿಯಲ್ಲಿ ಚಿತ್ರಗಳನ್ನು ಕಾಣುತ್ತ ಕೂತದ್ದು, ಉದ್ದನೆಯ ಮುಳ್ಳುಚಮಚಕ್ಕೆ ರೊಟ್ಟಿಯ ತುಂಡು ಸಿಕ್ಕಿಸಿ ಸುಟ್ಟುಕೊಂಡು ತಿಂದದ್ದು, ಮುಖ ಬೇಯುತ್ತಿದ್ದರೆ ಬೆನ್ನು ಕೊರೆಯುತ್ತಿದ್ದುದು. ಏಕೆಂದರೆ ಮನೆಯಲ್ಲಿ ಬೆಚ್ಚಗಿದ್ದುದು ಅದೊಂದೇ ಜಾಗ. ಮಲಗುವ ಕೋಣೆಯಲ್ಲಿ ಕಾಯಿಲೆಯವರಿದ್ದರೆ ಮಾತ್ರ ಬೆಂಕಿ. ಚಳಿಗಾಲದ ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನ ಒಳಮೈಯಲ್ಲಿಯೇ ಹಿಮ ಕಟ್ಟಿ ಎಲೆ ಬಳ್ಳಿಯ ಚಿತ್ರ ಬರೆದಂತಿರುತ್ತಿತ್ತು. ಕಂಬಳಿ ಸಾಲದೆ ಅಪ್ಪನ ಕೋಟನ್ನು ಮಕ್ಕಳ ಮೇಲೆ ಹೊದಿಸುತ್ತಿದ್ದರು. ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯೊಳಗೆ ಇಡುತ್ತಿದ್ದರು.

ಆದರೆ ಬೆಂಕಿ ತಾನಾಗಿ ಉರಿಯುವುದಿಲ್ಲ. ಮನೆಯವರೆಲ್ಲ ಏಳುವ ಮೊದಲು ತಾಯಿ ಎದ್ದು, ಆ ಕೊರೆಯುವ ಚಳಿಯಲ್ಲಿ ಮೊಣಕಾಲೂರಿ ಕುಳಿತು, ನಿನ್ನೆಯ ಬೂದಿಯನ್ನು ಕೆದರಿ ತೆಗೆದು ಹೊರಗೆ ಹಾಕಬೇಕು. ಬೂದಿಯಲ್ಲಿ ಅರೆಸುಟ್ಟ ಕೆಂಡ ಉಳಿದಿದ್ದರೆ ಆರಿಸಿಟ್ಟುಕೊಳ್ಳಬೇಕು. ಹಳೆಯ ಪತ್ರಿಕೆಯ ಸುರುಳಿ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಕಲ್ಲಿದ್ದಲು ಒಟ್ಟಿ ಕಡ್ಡಿ ಗೀರಬೇಕು. ಒಲೆಯ ಬಾಯಿಗೆ ಅಡ್ಡವಾಗಿ ಪತ್ರಿಕೆಯ ಹಾಳೆ ಹಿಡಿದರೆ ಗಾಳಿ ಕೆಳಗಿನಿಂದ ಎಳೆದು ಉರಿ ಏಳುತ್ತದೆ. ಸ್ವಲ್ಪ ಮೈಮರೆತರೆ ಹಾಳೆಗೇ ಬೆಂಕಿ ಹತ್ತುತ್ತದೆ. ಅಪ್ಪ ಎದ್ದು ಬರುವ ಹೊತ್ತಿಗೆ ಬೆಂಕಿ ಉರಿಯುತ್ತಿರಬೇಕು, ಚಹಾ ಆಗಿರಬೇಕು. ವಾರಕ್ಕೊಮ್ಮೆ ಆ ಒಲೆಯ ಮೈಗೆಲ್ಲ ಕಪ್ಪು ಮಸಿ ಹಚ್ಚಿ ಕನ್ನಡಿಯಂತೆ ಹೊಳೆಯುವವರೆಗೆ ಬ್ರಶ್ಶಿನಿಂದ ಉಜ್ಜಬೇಕು. ಇದು ಸಾಮಾನ್ಯವಾಗಿ ಮನೆಯ ಹಿರಿಯ ಮಗಳ ಪಾಲಿಗೆ ಬರುತ್ತಿದ್ದ ಕೆಲಸ.

1947ರ ಚಳಿಗಾಲ ಆ ದೇಶದವರು ಇನ್ನೂ ಮರೆಯದ ಚಳಿಗಾಲ. ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಹಿಮ ಬಿದ್ದು ರೈಲು ನಿಂತಿತು. ಗಣಿಯ ಬಾಯಲ್ಲಿ ಕಲ್ಲಿದ್ದಲು ರಾಶಿ ಬಿದ್ದಿದ್ದರೂ ಊರಿಗೆ ಬರುವ ದಾರಿಯಿಲ್ಲ. ಮನೆಗಳಿಗೆ ಹಗಲು ಐದು ಗಂಟೆ ವಿದ್ಯುತ್ತು ಕಡಿದರು. ಅದೇ ವರ್ಷದ ಜನವರಿ 1ರಂದೇ ಗಣಿಗಳೆಲ್ಲ ರಾಷ್ಟ್ರದ ಸ್ವತ್ತಾಗಿದ್ದವು ಎಂಬುದು ಕಾಲದ ಕುಚೋದ್ಯ.

ಇನ್ನು ಊಟದ ಮಾತು. ರೇಶನ್ ಪದ್ಧತಿ 1940ರ ಜನವರಿಯಲ್ಲಿ ಸುರುವಾದದ್ದು 1954ರ ಜುಲೈವರೆಗೆ, ಯುದ್ಧ ಮುಗಿದು ಒಂಬತ್ತು ವರ್ಷವಾಗುವವರೆಗೆ ಮುಂದುವರಿಯಿತು. ಯುದ್ಧ ನಡೆದಾಗಲೂ ಇಲ್ಲದ ರೊಟ್ಟಿಯ ರೇಶನ್ ಯುದ್ಧ ಗೆದ್ದ ಮೇಲೆ, 1946ರಿಂದ 1948ರವರೆಗೆ ಬಂತು. ಚಹಾ ವಾರಕ್ಕೆ ತಲೆಗೆ 2 ಔನ್ಸು, ಅಂದರೆ ಸುಮಾರು 57 ಗ್ರಾಂ. ಅಸ್ಸಾಮಿನಿಂದ, ಸಿಂಹಳದಿಂದ, ನಮ್ಮ ದಕ್ಷಿಣದ ಗುಡ್ಡಗಳಿಂದ ಹೋದ ಸೊಪ್ಪೇ ಅದು. ಅಲ್ಲಿ ಒಮ್ಮೆ ಕುದಿಸಿದ ಸೊಪ್ಪಿಗೆ ಮತ್ತೆ ನೀರು ಹಾಕಿ ಕುಡಿಯುತ್ತಿದ್ದರು. ಮಕ್ಕಳ ಮಿಠಾಯಿಯ ಕಥೆ ಕೇಳಿ: 1949ರ ಏಪ್ರಿಲ್‌ನಲ್ಲಿ ಮಿಠಾಯಿಯನ್ನು ರೇಶನ್ನಿನಿಂದ ಬಿಟ್ಟರು, ಅಂಗಡಿಗಳು ದಿನ ಕಳೆಯುವಷ್ಟರಲ್ಲಿ ಬರಿದಾದವು, ಆಗಸ್ಟಿನಲ್ಲಿ ಮತ್ತೆ ರೇಶನ್ ಹೇರಬೇಕಾಯಿತು. ಮುಂದೆ 1953ರ ಫೆಬ್ರುವರಿ 5ರಂದು ಶಾಶ್ವತವಾಗಿ ಬಿಟ್ಟಾಗ ಮಕ್ಕಳು ಕೂಡಿಟ್ಟ ಕಾಸು ಹಿಡಿದು ಅಂಗಡಿಗೆ ಓಡಿದ್ದನ್ನು ಬರೆಯದ ಮುದುಕರೇ ಇಲ್ಲ. ಆದರೆ ರೇಶನ್ನನ್ನು ಬರಿಯ ಕಷ್ಟವೆಂದು ಎಣಿಸಬಾರದು. ಹಣವಿದ್ದವನಿಗೂ ಇಲ್ಲದವನಿಗೂ ಒಂದೇ ಅಳತೆ. 1946ರ ಕಾಯಿದೆಯಿಂದ ಶಾಲೆಯ ಪ್ರತಿ ಮಗುವಿಗೂ ದಿನಕ್ಕೆ ಒಂದು ಪೈಂಟಿನ ಮೂರನೆಯ ಒಂದು ಪಾಲು ಹಾಲು ಪುಕ್ಕಟೆ ಸಿಕ್ಕತೊಡಗಿತು. ಚಿಕ್ಕ ಮಕ್ಕಳಿಗೆ ಕಿತ್ತಳೆ ರಸ ಮತ್ತು ಮೀನೆಣ್ಣೆ. ಎಣ್ಣೆಯ ರುಚಿ ನೆನೆದು ಈಗಲೂ ಮುಖ ಕಿವಿಚುತ್ತಾರೆ. ಆದರೆ ಸೊಟ್ಟ ಕಾಲಿನ ಮಕ್ಕಳು ಬೀದಿಯಿಂದ ಮರೆಯಾದದ್ದು ಇಂಥ ಏರ್ಪಾಡಿನಿಂದಲೂ ಹೌದು.

ವಾರದ ಏಳು ದಿನಗಳಿಗೂ ಅಲ್ಲಿ ಒಂದೊಂದು ಕೆಲಸ ಕಟ್ಟಿತ್ತು. ಸೋಮವಾರ ಬಟ್ಟೆ ಒಗೆಯುವ ದಿನ. ಈ ಒಂದು ದಿನವನ್ನು ಸಾವಕಾಶವಾಗಿ ಹೇಳಬೇಕು.

ಹಿಂದಿನ ಚಿಕ್ಕ ಕೋಣೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಕೂಡಿಸಿದ ದೊಡ್ಡ ಹಂಡೆ ಇರುತ್ತಿತ್ತು. ಅದಕ್ಕೆ ‘ತಾಮ್ರ’ ಎಂದೇ ಹೆಸರು. ಕಬ್ಬಿಣದ್ದಾದರೂ ಹೆಸರು ತಾಮ್ರವೇ. ನಸುಕಿನಲ್ಲಿ ಬಕೆಟ್ಟಿನಿಂದ ಅದಕ್ಕೆ ನೀರು ತುಂಬಿ ಕೆಳಗೆ ಬೆಂಕಿ ಹಚ್ಚಿ ಬಿಳಿಯ ಬಟ್ಟೆಗಳನ್ನು ಕುದಿಸಬೇಕು. ಕುದಿದದ್ದನ್ನು ಕೋಲಿನಿಂದ ಎತ್ತಿ ತೊಟ್ಟಿಗೆ ಹಾಕಿ ‘ಡಾಲಿ’ಯಿಂದ ಕಡೆಯಬೇಕು. ಡಾಲಿಯೆಂದರೆ ಉದ್ದ ಹಿಡಿಯ ತುದಿಗೆ ಮೂರೋ ಐದೋ ಕಾಲಿನ ಸಣ್ಣ ಮಣೆಯಂತಿರುವ ಮರದ ಸಾಧನ. ನಮ್ಮ ಕಡಗೋಲಿನ ಅಣ್ಣ ಎನ್ನಿ. ಎರಡು ಕೈಯಿಂದ ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದರೆ ತೋಳು ಕಳಚಿ ಬೀಳುವಂತಾಗುತ್ತದೆ. ಕೊರಳುಪಟ್ಟಿ, ತೋಳಿನ ಅಂಚು ಇವನ್ನು ಗೀರುಗೀರಾದ ಹಲಗೆಯ ಮೇಲೆ ಉಜ್ಜಬೇಕು. ಆಮೇಲೆ ಎರಡು ಸಲ ತಣ್ಣೀರು, ಕೊನೆಗೆ ನೀಲಿ. ಬಿಳಿಯ ಬಟ್ಟೆಗೆ ನಮ್ಮ ಮನೆಗಳಲ್ಲಿ ಹಾಕುತ್ತಿದ್ದ ರಾಬಿನ್ ನೀಲಿ ಇದೆಯಲ್ಲ, ಅದನ್ನು ಮಾಡುತ್ತಿದ್ದ ರೆಕಿಟ್ ಕಂಪನಿ ಇಂಗ್ಲೆಂಡಿನ ಹಲ್ ಎಂಬ ಬಂದರೂರಿನದೇ. ಇಲ್ಲಿಯ ತಾಯಂದಿರೂ ಅಲ್ಲಿಯ ತಾಯಂದಿರೂ ಒಂದೇ ನೀಲಿಯಲ್ಲಿ ಕೈ ಅದ್ದಿದವರು.

ನೀಲಿಯಾದ ಮೇಲೆ ಗಂಜಿ, ಗಂಜಿಯಾದ ಮೇಲೆ ‘ಮ್ಯಾಂಗಲ್’. ಇದು ಕಬ್ಬಿಣದ ಚೌಕಟ್ಟಿನಲ್ಲಿ ಎರಡು ಮರದ ಉರುಳೆಗಳಿರುವ ಹಿಂಡುವ ಯಂತ್ರ. ಕಬ್ಬಿನ ಗಾಣದ ಹಾಗೆ. ಒಬ್ಬರು ಹಿಡಿ ತಿರುಗಿಸಿದರೆ ಇನ್ನೊಬ್ಬರು ಬಟ್ಟೆ ಒಡ್ಡಬೇಕು. ಬೆರಳು ಸಿಕ್ಕಿ ಜಜ್ಜಿಹೋದ ಮಕ್ಕಳು ಬೇಕಾದಷ್ಟು. ಒಣಹಾಕಲು ಹಿತ್ತಲಿಲ್ಲದ ಕೇರಿಗಳಲ್ಲಿ ಬೀದಿಯ ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟುತ್ತಿದ್ದರು. ಆಗಲೇ ಕಲ್ಲಿದ್ದಲಿನ ಬಂಡಿ ಬಂದರೆ ಹೆಂಗಸರೆಲ್ಲ ಕೂಗಾಡುತ್ತ ಬಟ್ಟೆ ಎತ್ತಬೇಕು. ಗಾಳಿ ತಿರುಗಿದರೆ ಗಿರಣಿಯ ಚಿಮಣಿಯ ಮಸಿ ಒಗೆದ ಬಟ್ಟೆಯ ಮೇಲೆ ಬಿತ್ತೆಂದೇ ಲೆಕ್ಕ, ಮತ್ತೆ ತೊಳೆಯಬೇಕು. ಮಳೆ ಬಂದರಂತೂ ಇಡೀ ಮನೆ ಹಸಿ ಬಟ್ಟೆಯ ಕೆಳಗೆ. ಆ ದಿನ ಅಡಿಗೆಗೆ ಪುರಸತ್ತು ಎಲ್ಲಿಯದು? ಭಾನುವಾರ ಉಳಿದ ತಣ್ಣನೆಯ ಮಾಂಸ, ಅದರ ಜೊತೆಗೆ ಉಳಿದ ಬಟಾಟೆ, ಕೋಸು ಕೂಡಿಸಿ ಹುರಿದ ಪಲ್ಯ. ಸೋಮವಾರ ಶಾಲೆಯಿಂದ ಬಂದ ಮಗುವನ್ನು ಎದುರುಗೊಳ್ಳುತ್ತಿದ್ದುದು ಆವಿ, ಸಾಬೂನಿನ ವಾಸನೆ, ಮತ್ತು ಮಾತಾಡಿಸಿದರೆ ಸಿಡಿಯುವ ತಾಯಿ. ಮಂಗಳವಾರ ಇಸ್ತ್ರಿ, ಅದೂ ಬೆಂಕಿಯ ಮೇಲೆ ಕಾಯಿಸುವ ಕಬ್ಬಿಣದ್ದು.

ಲ್ಯಾಂಕಾಶೈರಿನಲ್ಲಿ ಮದುವೆಯಾದ ಹೆಂಗಸರೂ ಗಿರಣಿಯಲ್ಲಿ ಮಗ್ಗ ನಡೆಸುವುದು ರೂಢಿಯಲ್ಲಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಅವರಿಗೆ ಈ ಒಗೆತವೆಲ್ಲ ಗಿರಣಿಯ ಕೆಲಸ ಮುಗಿದ ಮೇಲೆ. ನಾಣ್ಯ ಹಾಕಿ ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿ ಆ ದೇಶದಲ್ಲಿ ಮೊದಲು ತೆರೆದದ್ದು 1949ರಲ್ಲಿ, ಲಂಡನ್ನಿನಲ್ಲಿ. ಮನೆಮನೆಗೆ ಯಂತ್ರ ಬರುವುದಕ್ಕೆ ಮತ್ತೂ ಎಷ್ಟೋ ವರ್ಷ ಹಿಡಿಯಿತು.

ಸ್ನಾನ ವಾರಕ್ಕೆ ಒಂದು ಸಲ, ಶುಕ್ರವಾರ ಅಥವಾ ಶನಿವಾರ ರಾತ್ರಿ. ಹಿತ್ತಲಿನ ಗೋಡೆಯ ಮೊಳೆಗೆ ತೂಗುಹಾಕಿದ ತಗಡಿನ ತೊಟ್ಟಿ ಒಳಗೆ ಬರುತ್ತಿತ್ತು. ಒಂದೇ ನೀರು, ಸರದಿಯ ಮೇಲೆ ಎಲ್ಲರಿಗೂ; ಕೊನೆಯವನ ಪಾಡು ನೀವೇ ಊಹಿಸಿಕೊಳ್ಳಿ. ಗಣಿಯ ಬಳಿ ಸ್ನಾನಗೃಹ ಕಟ್ಟದಿದ್ದ ಕಡೆ ಮನೆಯ ಗಂಡಸರು ದಿನಾಲು ಮೈತುಂಬ ಕಲ್ಲಿದ್ದಲಿನ ಮಸಿ ಹೊತ್ತುಕೊಂಡೇ ಬರುತ್ತಿದ್ದರು. ಅವರ ಬೆನ್ನು ತಿಕ್ಕುವ ನೀರು ಕಾಯಿಸುವುದೇ ಹೆಂಡತಿಗೆ ಒಂದು ಉದ್ಯೋಗ. ಪಾಯಖಾನೆಯಲ್ಲಿ ಪತ್ರಿಕೆಯನ್ನು ಚೌಕ ಚೌಕವಾಗಿ ಕತ್ತರಿಸಿ ದಾರಕ್ಕೆ ಪೋಣಿಸಿ ಇಡುತ್ತಿದ್ದರು. ಚಳಿಗೆ ಕೊಳವೆ ಹೆಪ್ಪುಗಟ್ಟದಿರಲೆಂದು ಅಲ್ಲಿ ರಾತ್ರಿ ಸಣ್ಣದೊಂದು ಎಣ್ಣೆ ದೀಪ.

ಶುಕ್ರವಾರ ಪಗಾರದ ದಿನ. ಒಳ್ಳೆಯ ಗಂಡನೆಂದರೆ ಪಗಾರದ ಲಕೋಟೆಯನ್ನು ಒಡೆಯದೆ ಹೆಂಡತಿಯ ಕೈಗೆ ಕೊಟ್ಟು, ಅವಳು ಕೊಟ್ಟ ಕೈಖರ್ಚು ತೆಗೆದುಕೊಳ್ಳುವವನು. ಅವಳು ಬಾಡಿಗೆ, ಕಲ್ಲಿದ್ದಲು, ಗ್ಯಾಸು, ವಿಮೆ ಎಂದು ಡಬ್ಬಿ ಡಬ್ಬಿಗೆ ಹಾಕಿಡುತ್ತಿದ್ದಳು. ಒಂದು ಪೌಂಡಿಗೆ 20 ಶಿಲಿಂಗು, ಒಂದು ಶಿಲಿಂಗಿಗೆ 12 ಪೆನ್ನಿ. ಈ ಲೆಕ್ಕ 1971ರವರೆಗೆ ನಡೆಯಿತು. ಗ್ಯಾಸು ಉರಿಯಬೇಕಾದರೆ ಮೀಟರಿನ ಸೀಳಿನಲ್ಲಿ ನಾಣ್ಯ ಹಾಕಬೇಕು. ನಾಣ್ಯ ಮುಗಿದರೆ ಅಡಿಗೆ ನಡುವೆಯೇ ಉರಿ ಆರಿತು. ಕಿರಾಣಿ ಹೆಚ್ಚಾಗಿ ಸಹಕಾರಿ ಅಂಗಡಿಯಲ್ಲಿ. 1844ರಲ್ಲಿ ಲ್ಯಾಂಕಾಶೈರಿನ ರಾಕ್‌ಡೇಲ್ ಊರಿನ 28 ಜನ, ನೇಕಾರರು ಮತ್ತಿತರ ಕಸುಬಿನವರು, ಕೂಡಿ ತೆರೆದ ಅಂಗಡಿಯೇ ಈ ಚಳವಳಿಗೆ ಮಾದರಿ. ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು ಸದಸ್ಯರಿಗೆ ಬರುತ್ತಿತ್ತು. ಮಕ್ಕಳ ಬೂಟು ಆ ಹಣದಲ್ಲಿಯೇ. ಅಂಗಡಿಗೆ ಹೋದ ಮಗು ತಾಯಿಯ ಸದಸ್ಯ ಸಂಖ್ಯೆ ಹೇಳಬೇಕು. ಎಪ್ಪತ್ತು ವರ್ಷ ಕಳೆದರೂ ಆ ಸಂಖ್ಯೆಯನ್ನು ತಟ್ಟನೆ ಹೇಳುವ ಮುದುಕರಿದ್ದಾರೆ. ನಮ್ಮ ಹುಡುಗರಿಗೆ ಮಗ್ಗಿ ಹಾಗೆ ಬಂದರೆ ಗಣಿತದ ಗುರುಗಳು ಎಷ್ಟು ಸಂತೋಷಪಟ್ಟಾರು!

ಬೀದಿಯಲ್ಲಿ ಮಾನದ ಅಳತೆಗೋಲು ಹೊಸ್ತಿಲು. ಹೊರಗಿನ ಮೆಟ್ಟಿಲನ್ನು ತೊಳೆದು, ಅಂಚಿಗೆ ‘ಡಾಂಕಿ ಕಲ್ಲು’ ಎಂಬ ಬಿಲ್ಲೆಯಿಂದ ಬಿಳಿಯ ಇಲ್ಲವೆ ಹಳದಿಯ ಗೆರೆ ತೀಡಬೇಕು. ರಂಗೋಲಿಯ ಚೆಲುವಿಲ್ಲ; ಆದರೆ ಹೊಸ್ತಿಲು ಒಣಗಿದ ಮನೆಯನ್ನು ನೆರೆಯವರು ಆಡಿಕೊಳ್ಳುವುದು ಅಲ್ಲಿಯೂ ಹಾಗೆಯೇ. ಹಳೆಯ ಚಿಂದಿ ಬಟ್ಟೆ ಕೊಟ್ಟರೆ ಗಾಡಿಯವನು ಈ ಕಲ್ಲನ್ನು ಕೊಡುತ್ತಿದ್ದ. ಪ್ರತಿ ಬೀದಿಯಲ್ಲಿಯೂ ಒಬ್ಬ ಹಿರಿಯ ಹೆಂಗಸು ಇರುತ್ತಿದ್ದಳು. ಹೆರಿಗೆಗೂ ಅವಳೇ, ಸತ್ತವರ ಮೈ ತೊಳೆಯುವುದಕ್ಕೂ ಅವಳೇ. ನಸುಕಿನಲ್ಲಿ ಉದ್ದ ಕೋಲಿನಿಂದ ಮೇಲಿನ ಕಿಟಕಿ ಬಡಿದು ಎಬ್ಬಿಸಿ ಹೋಗುವ ಒಬ್ಬ ಮನುಷ್ಯ ಕೆಲವು ಊರುಗಳಲ್ಲಿ 1950ರ ದಶಕದಲ್ಲಿಯೂ ಇದ್ದ. ವಾರಕ್ಕೆ ಕೆಲವು ಪೆನ್ನಿ ಅವನ ಕೂಲಿ. ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ ಎಂದು ಎಲ್ಲರೂ ಅಭಿಮಾನದಿಂದ ಬರೆಯುತ್ತಾರೆ. ಒಳಗೆ ಕದಿಯುವಂಥದು ಏನೂ ಇರಲಿಲ್ಲ ಎಂದು ನಕ್ಕು ಸೇರಿಸುವವರೂ ಉಂಟು.

ಸಂತೋಷಗಳು ಇರಲಿಲ್ಲವೆ? ಇದ್ದವು. ಸಂಜೆ ರೇಡಿಯೊ, ಶುಕ್ರವಾರ ಪತ್ರಿಕೆಯಲ್ಲಿ ಕಟ್ಟಿಕೊಡುವ ಹುರಿದ ಮೀನು, ಬಟಾಟೆ, 1953ರ ಜೂನ್ 2ರಂದು ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನೋಡಲು ಬೀದಿಗೊಂದೇ ಇದ್ದ ಟೆಲಿವಿಜನ್ ಮುಂದೆ ಮೂವತ್ತು ನಲವತ್ತು ಜನ ಒತ್ತಿ ಕೂತದ್ದು. ಲ್ಯಾಂಕಾಶೈರಿನಲ್ಲಿ ಬೇಸಗೆಯ ಒಂದು ವಾರ ಊರ ಗಿರಣಿಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್ ಕಡಲ ದಂಡೆಗೆ ಹೋಗುತ್ತಿತ್ತು. ಹೊಗೆಯಿಲ್ಲದ ಆ ವಾರ ಊರಿನಲ್ಲಿ ಉಳಿದವರಿಗೆ ದೂರದ ಗುಡ್ಡಗಳು ಕಾಣುತ್ತಿದ್ದುವಂತೆ.

ಹೊಗೆಯ ಮಾತು ಬಂದುದರಿಂದ ಹೇಳಬೇಕು. ನೆನಪಿನಲ್ಲಿ ಅಷ್ಟು ಬೆಚ್ಚಗಿರುವ ಆ ಬೆಂಕಿಗೆ ಒಂದು ಚಿಮಣಿಯೂ ಇತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗಾಳಿ ಬೀಸುವುದು ನಿಂತು, ಮನೆಮನೆಯ ಮತ್ತು ಕಾರಖಾನೆಗಳ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ನೆಲಕ್ಕೇ ಕವಿಯಿತು. ನಡುಹಗಲು ತನ್ನ ಕೈ ತನಗೆ ಕಾಣದ ಸ್ಥಿತಿ. ಆ ದಿನಗಳಲ್ಲಿ ಸುಮಾರು 4,000 ಜನ ಸತ್ತರೆಂದು ಆಗ ಎಣಿಸಿದರು. ಮುಂದಿನ ವಾರಗಳ ಸಾವನ್ನೂ ಕೂಡಿಸಿದ ಈಚಿನ ಅಧ್ಯಯನಗಳು 12,000ದವರೆಗೆ ಹೇಳುತ್ತವೆ. ಸತ್ತವರಲ್ಲಿ ಮುದುಕರು, ಹಸುಗೂಸುಗಳು, ಎದೆಯ ರೋಗದವರು ಹೆಚ್ಚು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂದು, ಮನೆಯ ಬೆಂಕಿಗೆ ಹೊಗೆಯಿಲ್ಲದ ಇಂಧನವನ್ನೇ ಬಳಸಬೇಕಾದ ಪ್ರದೇಶಗಳನ್ನು ಗೊತ್ತುಮಾಡತೊಡಗಿದರು.

ತಾಯಂದಿರ ಆರೋಗ್ಯದ ವಿಷಯವೂ ಇಂಥದೇ. 1911ರ ವಿಮೆಯ ಕಾನೂನು ದುಡಿಯುವ ಗಂಡಸಿಗೆ ವೈದ್ಯರನ್ನು ಒದಗಿಸಿತ್ತು; ಮನೆಯಲ್ಲಿದ್ದ ಅವನ ಹೆಂಡತಿ ಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ. ವೈದ್ಯರಿಗೆ ಹಣ ಕೊಡಬೇಕಲ್ಲ ಎಂದು ಹೆಂಗಸರು ವರ್ಷಗಟ್ಟಲೆ ನೋವು ನುಂಗಿ ನಡೆದರು. 1948ರ ಜುಲೈ 5ರಂದು ಎಲ್ಲರಿಗೂ ಪುಕ್ಕಟೆ ವೈದ್ಯಸೇವೆ ಸುರುವಾಯಿತು. ಅದನ್ನು ತಂದ ಮಂತ್ರಿ ಅನ್ಯುರಿನ್ ಬೆವನ್ ವೇಲ್ಸ್‌ನ ಗಣಿಗಾರನ ಮಗ, ತಾನೂ ಹದಿಮೂರರ ವಯಸ್ಸಿನಲ್ಲಿ ಗಣಿಗಿಳಿದವನು. ಮೊದಲ ವರ್ಷವೇ ಸುಮಾರು 50 ಲಕ್ಷ ಜೊತೆ ಕನ್ನಡಕ ಕೊಡಬೇಕಾಯಿತು. ಅಷ್ಟು ಜನ ಅಲ್ಲಿಯವರೆಗೆ ಮಂಜುಗಣ್ಣಿನಲ್ಲಿಯೇ ಹೊಲಿದು, ಓದಿ, ಅಡಿಗೆ ಮಾಡುತ್ತಿದ್ದರು. ವೈದ್ಯರ ಬಾಗಿಲಿಗೆ ಬಂದ ಹೆಂಗಸರಲ್ಲಿ ಹೆರಿಗೆಯಿಂದಾದ ತೊಂದರೆಯನ್ನು ಹತ್ತು ಇಪ್ಪತ್ತು ವರ್ಷ ಯಾರಿಗೂ ಹೇಳದೆ ಹೊತ್ತವರಿದ್ದರು.

ಆ ಕೇರಿಗಳು ಹೋದದ್ದು 1950 ಮತ್ತು 60ರ ದಶಕಗಳಲ್ಲಿ. ನಗರಸಭೆಗಳು ಬೀದಿಗೆ ಬೀದಿಯನ್ನೇ ಕೆಡವಿ ಜನರನ್ನು ಊರಾಚೆಯ ಹೊಸ ಬಡಾವಣೆಗಳಿಗೂ ಎತ್ತರದ ಕಟ್ಟಡಗಳಿಗೂ ಕಳಿಸಿದವು. ಬಚ್ಚಲಿಗೆ ಬಿಸಿನೀರಿನ ನಳ ಬಂತು. ಹೆಂಗಸರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅತ್ತರೆಂದು ಓದಿದ್ದೇನೆ. ಆದರೆ ಮೈಕೆಲ್ ಯಂಗ್, ಪೀಟರ್ ವಿಲ್ಮಾಟ್ ಎಂಬಿಬ್ಬರು ಲಂಡನ್ನಿನ ಬೆತ್ನಲ್ ಗ್ರೀನ್ ಕೇರಿಯನ್ನೂ ಅಲ್ಲಿಂದ ಹೊಸ ಬಡಾವಣೆಗೆ ಹೋದವರನ್ನೂ ವಿಚಾರಿಸಿ 1957ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೊಂದು ಸಂಗತಿಯನ್ನು ತೋರಿಸಿತು. ಕೇರಿಯಲ್ಲಿ ಮದುವೆಯಾದ ಮಗಳು ತಾಯಿಯ ಮನೆಯಿಂದ ಕೂಗಳತೆಯಲ್ಲಿರುತ್ತಿದ್ದಳು, ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದ್ದಳು. ಹೊಸ ಮನೆಯಲ್ಲಿ ಬಚ್ಚಲು ಸಿಕ್ಕಿತು, ತಾಯಿ ದೂರವಾದಳು. ಎತ್ತರದ ಕಟ್ಟಡಗಳ ಮೇಲಿನ ನಂಬಿಕೆಯೂ ಹೆಚ್ಚು ದಿನ ಬಾಳಲಿಲ್ಲ. 1968ರ ಮೇ 16ರಂದು ಲಂಡನ್ನಿನಲ್ಲಿ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದಲ್ಲಿ ಬೆಳಗಿನ ಚಹಾಕ್ಕೆ ಗ್ಯಾಸು ಹಚ್ಚಿದಾಗ ಸ್ಫೋಟವಾಗಿ ಒಂದು ಮೂಲೆ ಪೂರ್ತಿ ಕುಸಿದು ನಾಲ್ವರು ಸತ್ತರು.

ಕೆಡವದೆ ಉಳಿದ ಸಾಲುಮನೆಗಳಿಗೆ ಹೊಸಬರು ಬಂದರು. ಬ್ರ್ಯಾಡ್‌ಫರ್ಡ್ ಮೊದಲಾದ ಊರುಗಳ ಗಿರಣಿಗಳಲ್ಲಿ ಊರಿನವರು ಒಲ್ಲದ ರಾತ್ರಿಪಾಳಿಗೆ 1950 ಮತ್ತು 60ರ ದಶಕಗಳಲ್ಲಿ ಹಿಂದುಸ್ತಾನ ಪಾಕಿಸ್ತಾನಗಳಿಂದ ಜನ ಹೋದರು. ಆ ಹಳೆಯ ಮನೆಗಳಲ್ಲಿಯೇ ಬಿಡಾರ ಮಾಡಿದರು. ಹುಡುಗನ ಪ್ರಶ್ನೆಗೆ ಇದೂ ಉತ್ತರದ ಒಂದು ಭಾಗ.

ಇನ್ನು ‘ಬಡವರಾಗಿದ್ದೆವು, ಸುಖವಾಗಿದ್ದೆವು’ ಎಂಬ ಮಾತು. ಅದು ಸುಳ್ಳೆಂದು ನಾನು ಹೇಳಲಾರೆ. ಲೀಡ್ಸಿನ ಇಂಥದೇ ಕೇರಿಯಲ್ಲಿ ತಂದೆತಾಯಿಯಿಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದು ಪ್ರಾಧ್ಯಾಪಕರಾದ ರಿಚರ್ಡ್ ಹಾಗರ್ಟ್ 1957ರಲ್ಲಿಯೇ ಆ ಬಾಳಿನ ಬೆಚ್ಚಗನ್ನು ಗೌರವದಿಂದ ಬರೆದಿದ್ದಾರೆ. ತಾಯಿ ಅದರ ನಡುಗಂಬವೆಂಬುದನ್ನೂ ಬಿಡದೆ ಬರೆದಿದ್ದಾರೆ. ಆದರೆ ಓದುತ್ತ ಹೋದಂತೆ ನನಗೆ ಒಂದು ವ್ಯತ್ಯಾಸ ಕಂಡಿತು. ಗಂಡಸರ ನೆನಪಿನಲ್ಲಿ ಬೆಂಕಿ ಉರಿಯುತ್ತಲೇ ಇರುತ್ತದೆ. ಹೆಂಗಸರ ನೆನಪಿನಲ್ಲಿ ಅದನ್ನು ಯಾರೋ ಹಚ್ಚುತ್ತಿರುತ್ತಾರೆ. ಗಂಡುಮಕ್ಕಳಿಗೆ ಭಾನುವಾರದ ಊಟ ನೆನಪು. ಹೆಣ್ಣುಮಕ್ಕಳಿಗೆ ತಾಯಿ ದೊಡ್ಡ ತುಂಡನ್ನು ಅಪ್ಪನ ತಟ್ಟೆಗೆ, ಉಳಿದದ್ದನ್ನು ಮಕ್ಕಳಿಗೆ ಹಾಕಿ ತಾನು ರೊಟ್ಟಿಯಲ್ಲಿ ಪಾತ್ರೆಯ ರಸ ಒರೆಸಿ ತಿಂದದ್ದು ನೆನಪು. ಒಂದೇ ಕೋಣೆ, ಒಂದೇ ಬೆಂಕಿ. ಆ ತಾಯಂದಿರು ಮಾತ್ರ ತಮ್ಮ ನೆನಪನ್ನು ಬರೆದದ್ದು ತೀರ ಕಡಿಮೆ.

ಬರ್ಮಿಂಗ್‌ಹ್ಯಾಮಿನಲ್ಲಿ ಬೆನ್ನಿಗೆ ಬೆನ್ನು ಮನೆಗಳ ಒಂದು ಅಂಗಳ ಕೆಡವುವವರ ಕೈಯಿಂದ ಹೇಗೋ ಪಾರಾಗಿ ಉಳಿಯಿತು. 1960ರ ದಶಕದಲ್ಲಿ ಅದು ವಾಸಕ್ಕೆ ಯೋಗ್ಯವಲ್ಲವೆಂದು ತೀರ್ಮಾನವಾಗಿತ್ತು. ಆಮೇಲೆ ಅಂಗಡಿಗಳಾಗಿ ನಡೆಯಿತು. ಕೆರಿಬಿಯನ್ ದ್ವೀಪದಿಂದ ಬಂದ ಒಬ್ಬ ದರ್ಜಿಯ ಅಂಗಡಿ ಅಲ್ಲಿ ಕೊನೆಯವರೆಗೆ ಇತ್ತು. 2004ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಆ ಮನೆಗಳನ್ನು ದುರಸ್ತಿ ಮಾಡಿ ಜನರಿಗೆ ತೋರಿಸಲು ತೆರೆಯಿತು. ಅಂಗಳದ ಒಗೆಯುವ ಕೋಣೆ, ಹಂಡೆ, ಪಾಯಖಾನೆ ಎಲ್ಲ ಮೊದಲಿನಂತೆಯೇ. ಹಳೆಯ ಕಾಲದ ಬಾಳನ್ನು ಸವಿಯಬಯಸುವವರಿಗೆ ರಾತ್ರಿ ಉಳಿಯಲು ಎರಡು ಮನೆಗಳನ್ನು ಬಾಡಿಗೆಗೆ ಕೊಡುವ ಏರ್ಪಾಡನ್ನೂ ಮಾಡಿದರು. ಆ ಎರಡು ಮನೆಗಳಲ್ಲಿ ಮಾತ್ರ ಬಚ್ಚಲು ಒಳಗೇ ಇದೆ.